ಹಿತ್ತಲ ಹೂವು, ಸುಳ್ಳು ಇಬ್ಬನಿ



ನಿಮ್ಮ ಮನೆಯ ಹಿತ್ತಲಲ್ಲಿ ಮದರಂಗಿಯ ಗಿಡ ಇದೆಯೇ? ಇದ್ದರೆ ನಿಮಗೊಂದು ಪ್ರಶ್ನೆ. ಅದರ ಹೂವಿಗೆ ಎಸಳುಗಳು ಎಷ್ಟು?

ಈದ್‌ಗೆ, ಮದುವೆಗೆ, ನಾಮಕರಣಕ್ಕೆ ಎಷ್ಟು ಬಾರಿ ಅದರ ಎಲೆ ಕಿತ್ತಿದ್ದೇವೆ, ಅರೆದಿದ್ದೇವೆ, ಕೈಗೆ ಹಚ್ಚಿಕೊಂಡು ರಾತ್ರಿಯಿಡೀ ಮುಷ್ಟಿ ಕಟ್ಟಿ ಮಲಗಿದ್ದೇವೆ! ಆದರೆ ಅದರ ಹೂವನ್ನು ಕೇಳಿದರೆ ಹೆಚ್ಚಿನವರು ‘ಅದಕ್ಕೆ ಹೂವಾಗುತ್ತದೆಯೇ?’ ಎನ್ನುತ್ತಾರೆ. ನಾನೂ ಹಾಗೆಯೇ ಇದ್ದೆ. ಆಳಂದ ತಾಲೂಕಿನ ನನ್ನ ತವರು ಮನೆಯ ಹಿತ್ತಲಲ್ಲಿ ನನಗಿಂತ ಹಳೆಯದಾದ ಮದರಂಗಿ ಗಿಡವಿದೆ. ಅದರ ನೆರಳಿನಲ್ಲಿ ಕುಳಿತು ನಾನು ಮದ್ರಸದ ಪಾಠ ಬಾಯಿಪಾಠ ಮಾಡಿದ್ದೇನೆ, ಬಿ.ಎ. ಪರೀಕ್ಷೆಗೆ ಓದಿದ್ದೇನೆ. ಆದರೂ ಮೂವತ್ತೈದು ದಾಟುವವರೆಗೆ ಅದರ ಹೂವನ್ನು ನಾನು ನೋಡಿರಲಿಲ್ಲ. ಪರಿಮಳ ಗೊತ್ತಿತ್ತು. ಹೂವು ಗೊತ್ತಿರಲಿಲ್ಲ.

ಉತ್ತರ ಹೇಳಿಬಿಡುತ್ತೇನೆ. ನಾಲ್ಕು ಎಸಳು, ಎಂಟು ಕೇಸರ. ಎಸಳುಗಳು ಇಸ್ತ್ರಿ ಕಾಣದ ಬಟ್ಟೆಯಂತೆ ಸುಕ್ಕುಸುಕ್ಕು. ಕೇಸರಗಳು ಎರಡೆರಡಾಗಿ ಜೋಡಿ ನಿಂತಿರುತ್ತವೆ. ಇಡೀ ಹೂವು ಕಿರುಬೆರಳ ಉಗುರಿಗಿಂತ ದೊಡ್ಡದಲ್ಲ. ಇದನ್ನು ನನಗೆ ತೋರಿಸಿಕೊಟ್ಟದ್ದು ಮೊಬೈಲ್ ಫೋನಿನ ಕ್ಯಾಮೆರಾ ಮತ್ತು ಅದಕ್ಕೆ ಸಿಕ್ಕಿಸುವ ಒಂದು ಪುಟ್ಟ ಗಾಜು. ಬಟ್ಟೆ ಒಣ ಹಾಕುವ ಕ್ಲಿಪ್ಪಿನಂತೆ ಅದನ್ನು ಫೋನಿಗೆ ಹಿಡಿಸಬೇಕು. 2019ರಲ್ಲಿ ನಾನದನ್ನು 300 ರೂಪಾಯಿಗೆ ಕೊಂಡೆ. ಅಂದಿನಿಂದ ಇಂದಿನವರೆಗೆ ಮನೆಕೆಲಸ, ಶಾಲೆ, ನಮಾಝ್‌ಗಳ ನಡುವೆ ಸಿಕ್ಕ ಬಿಡುವಿನಲ್ಲಿ ಹೂವು, ಎಲೆ, ಮೊಗ್ಗುಗಳ ಫೋಟೋ ತೆಗೆಯುವುದು ನನ್ನ ಹವ್ಯಾಸವಾಗಿದೆ. ಈ ಹವ್ಯಾಸ ನನಗೆ ಬಹಳಷ್ಟು ಕಲಿಸಿತು. ಒಂದು ಬಾರಿ ನನ್ನ ತಲೆ ತಗ್ಗಿಸುವಂತೆಯೂ ಮಾಡಿತು. ಆ ಎರಡನ್ನೂ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಫೋಟೋ ಎಂದೊಡನೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಅಳುಕು ಮೂಡಬಹುದು. ನನ್ನಲ್ಲೂ ಇತ್ತು. ಜೀವಿಗಳ ಚಿತ್ರ ಬರೆಯುವುದರ ಬಗ್ಗೆ ಹದೀಸ್‌ಗಳಲ್ಲಿ ಇರುವ ಎಚ್ಚರಿಕೆಯನ್ನು ನಾನು ಮದ್ರಸದಲ್ಲೇ ಕಲಿತವಳು. ಕ್ಯಾಮೆರಾದ ಚಿತ್ರಕ್ಕೆ ಅದು ಅನ್ವಯಿಸುತ್ತದೆಯೇ, ಇಲ್ಲವೇ ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆ ಚರ್ಚೆಯನ್ನು ಇತ್ಯರ್ಥ ಮಾಡುವ ಅರ್ಹತೆ ನನಗಿಲ್ಲ. ಆದರೆ ಆ ಪಾಠದಲ್ಲಿಯೇ ಇನ್ನೊಂದು ಘಟನೆಯೂ ಇತ್ತು. ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ ವ್ಯಕ್ತಿಯೊಬ್ಬ ಇಬ್ನು ಅಬ್ಬಾಸ್(ರ)ರ ಬಳಿ ಬಂದು ತನ್ನ ಕಸುಬಿನ ಬಗ್ಗೆ ಕೇಳಿದ. ಅವರು ಪ್ರವಾದಿ(ಸ)ರ ಎಚ್ಚರಿಕೆಯನ್ನು ತಿಳಿಸಿದಾಗ ಆತನ ಮುಖ ಬಾಡಿತು. ಚಿತ್ರ ಬರೆಯಲೇಬೇಕೆಂದಿದ್ದರೆ ಮರಗಳನ್ನು, ಆತ್ಮವಿಲ್ಲದ ವಸ್ತುಗಳನ್ನು ಬರೆ ಎಂದು ಅವರು ಆತನಿಗೆ ದಾರಿ ತೋರಿಸಿದರು. ಇದು ಸಹೀಹ್ ಬುಖಾರಿಯಲ್ಲಿರುವ ವರದಿ. ಹುಡುಗಿಯಾಗಿದ್ದಾಗ ಅದನ್ನು ಪರೀಕ್ಷೆಗಾಗಿ ಓದಿ ಮರೆತಿದ್ದೆ. ಫೋನಿಗೆ ಗಾಜು ಸಿಕ್ಕಿಸಿಕೊಂಡು ಮದರಂಗಿಯ ಮುಂದೆ ಕುಳಿತಾಗ ನೆನಪಾಯಿತು. ಗಿಡಗಳೊಂದಿಗೆ ಉಳಿದರೆ ಮನಸ್ಸಿಗೆ ಅಳುಕಿಲ್ಲ. ಮುಖಗಳ ಗೊಡವೆ ಇಲ್ಲ. ಹೊರಗೆ ಹೋಗಬೇಕಾಗಿಯೂ ಇಲ್ಲ.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಿಮಗೆ ಗೊತ್ತಿದೆ. ಹತ್ತಿರ ಇದ್ದದ್ದಕ್ಕೆ ಬೆಲೆ ಇಲ್ಲ ಎಂದು ಅದರ ಅರ್ಥ. ಹಿತ್ತಲ ಗಿಡವನ್ನು ನಾವು ಹತ್ತಿರದಿಂದ ನೋಡಿಯೇ ಇರುವುದಿಲ್ಲ ಎಂಬುದು ನನ್ನ ಅನುಭವ. ದಾಸವಾಳವನ್ನೇ ತೆಗೆದುಕೊಳ್ಳಿ. ಹೂವಿನ ನಡುವಿನಿಂದ ಹೊರಚಾಚಿದ ಕೋಲಿನ ತುದಿಯಲ್ಲಿ ಮಖಮಲ್ಲಿನಂತಹ ಐದು ಕೆಂಪು ಗುಂಡುಗಳಿರುತ್ತವೆ. ಅದರ ಕೆಳಗೆ ಹಳದಿ ಪರಾಗದ ಕಾಳುಗಳು ಜಾತ್ರೆಯ ದೀಪಗಳಂತೆ ತೂಗುತ್ತಿರುತ್ತವೆ. ಚೆಂಡುಹೂವು ನಾವಂದುಕೊಂಡಂತೆ ಒಂದು ಹೂವಲ್ಲ. ಅದು ಹತ್ತಾರು ಪುಟ್ಟ ಹೂವುಗಳ ಒಂದು ಕುಟುಂಬ. ನಾವು ಎಸಳು ಎಂದು ಕೀಳುವ ಪ್ರತಿಯೊಂದರ ಬುಡದಲ್ಲೂ ಒಂದು ಬೀಜಕ್ಕೆ ಜಾಗವಿದೆ. ಬಿ.ಎ. ಓದುವಾಗ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕ ಕೈಗೆ ಸಿಕ್ಕಿತ್ತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕವದು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಗಿಡಗಳ ಬಗ್ಗೆ ಅಷ್ಟು ಹಾಸ್ಯವಾಗಿ, ಅಷ್ಟು ಪ್ರೀತಿಯಿಂದ ಬರೆಯಬಹುದೆಂದು ನನಗೆ ತಿಳಿದಿರಲಿಲ್ಲ. ಅದರ ಚಿತ್ರಗಳನ್ನೂ ಅವರೇ ಬರೆದಿದ್ದರು. ನನಗೆ ಚಿತ್ರ ಬರೆಯಲು ಬಾರದು. ಗಾಜಿನ ತುಂಡು ಆ ಕೊರತೆ ನೀಗಿಸಿತು.

ಇದು ಕಷ್ಟದ ಕೆಲಸವೇನಲ್ಲ. ಆದರೆ ತಾಳ್ಮೆ ಬೇಕು. ಸಾಧಾರಣ ಫೋನನ್ನು ಹೂವಿಗೆ ತೀರಾ ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆ. ಗಾಜು ಸಿಕ್ಕಿಸಿದರೆ ಎರಡು-ಮೂರು ಸೆಂಟಿಮೀಟರ್‌ನಷ್ಟು ಹತ್ತಿರ ಹೋಗಬಹುದು. ಅಲ್ಲಿ ಇನ್ನೊಂದು ತೊಡಕು. ಅಷ್ಟು ಹತ್ತಿರದಲ್ಲಿ ಒಂದೆರಡು ಮಿಲಿಮೀಟರ್‌ನಷ್ಟು ಭಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಹಿಂದಿನದೂ ಮುಂದಿನದೂ ಮಂಜು. ನೀವು ಉಸಿರಾಡಿದರೂ ಹೂವು ಅಲುಗುತ್ತದೆ. ಆದ್ದರಿಂದ ಮೊಣಕೈಗಳನ್ನು ಮೊಣಕಾಲ ಮೇಲೆ ಊರಿ ಕುಳಿತುಕೊಳ್ಳಿ. ಪರದೆಯ ಮೇಲೆ ನಿಮಗೆ ಬೇಕಾದ ಭಾಗವನ್ನು ಬೆರಳಿನಿಂದ ಮುಟ್ಟಿ. ಉಸಿರು ಹಿಡಿದು ಒಂದರ ಹಿಂದೆ ಒಂದರಂತೆ ಐದಾರು ಚಿತ್ರ ತೆಗೆಯಿರಿ. ಅದರಲ್ಲಿ ಒಂದು ಚೆನ್ನಾಗಿ ಬಂದರೆ ಅಲ್‌ಹಮ್ದುಲಿಲ್ಲಾಹ್ ಎನ್ನಿ.

ನಮ್ಮ ಜೇವರ್ಗಿಯ ಬಿಸಿಲನ್ನು ನೀವು ಕೇಳಿ ಬಲ್ಲಿರಿ. ಹತ್ತು ಗಂಟೆಯ ನಂತರ ಹೂವಿನ ಬಣ್ಣವೆಲ್ಲ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಫಜ್ರ್ ನಮಾಝ್ ಮುಗಿಸಿ ಕಸ ಗುಡಿಸುವ ಹೊತ್ತಿನ ಬೆಳಕೇ ಒಳ್ಳೆಯದು. ಆಗ ಗಾಳಿಯೂ ಕಡಿಮೆ. ಬಿಸಿಲು ಬಿದ್ದರೆ ಓಢನಿಯ ಸೆರಗಿನಿಂದ ನೆರಳು ಮಾಡಿ. ಒಂದು ಬದಿ ಕತ್ತಲೆಯಾದರೆ ಮಕ್ಕಳ ಡ್ರಾಯಿಂಗ್ ಹಾಳೆಯನ್ನು ಆ ಬದಿಗೆ ಹಿಡಿದರೆ ಬೆಳಕು ಮರಳಿ ಬೀಳುತ್ತದೆ. ಹಿಂದೆ ಬಕೆಟ್ಟು, ಚಪ್ಪಲಿ ಕಾಣುತ್ತಿದ್ದರೆ ಮಕ್ಕಳ ಕಪ್ಪು ಪಾಟಿಯನ್ನು ಅಡ್ಡ ಹಿಡಿಯಿರಿ. ನನ್ನ ಸ್ಟುಡಿಯೋ ಎಂದರೆ ಇಷ್ಟೇ: ಓಢನಿ, ಹಾಳೆ, ಪಾಟಿ.

ಈ ಹವ್ಯಾಸ ಕೇವಲ ಕಣ್ಣಿಗೆ ಹಬ್ಬವಲ್ಲ. ನಮ್ಮದು ತೊಗರಿಯ ನಾಡು. ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮಳೆಗಾಲದ ಆರಂಭದಲ್ಲಿ ಬಿತ್ತಿದ ತೊಗರಿ ದೀಪಾವಳಿಯ ಆಸುಪಾಸಿನಲ್ಲಿ ಹೂವಿನಿಂದ ತುಂಬುತ್ತದೆ. ಒಮ್ಮೆ ತವರಿಗೆ ಹೋದಾಗ ಹೊಲದಲ್ಲಿ ತೊಗರಿ ಹೂವಿನ ಚಿತ್ರ ತೆಗೆದೆ. ಹಳದಿ ಎಸಳಿನ ಬೆನ್ನ ಮೇಲೆ ಕಂದುಗೆಂಪು ಗೆರೆಗಳು. ಯಾರೋ ಸಣ್ಣ ಕಡ್ಡಿಯಿಂದ ಕೊರೆದಂತೆ! ಮನೆಗೆ ಬಂದು ಚಿತ್ರವನ್ನು ದೊಡ್ಡದು ಮಾಡಿ ಅಬ್ಬಾಗೆ ತೋರಿಸಿದೆ. ಅವರು ಹೂವನ್ನು ನೋಡಲಿಲ್ಲ. ಪಕ್ಕದ ಮೊಗ್ಗಿನ ಮೇಲಿದ್ದ ರವೆಯ ಕಾಳಿನಂಥ ಬಿಳಿ ಚುಕ್ಕೆಯ ಮೇಲೆ ಬೆರಳಿಟ್ಟರು. “ಇದೇನಮ್ಮಾ?” ಎಂದರು. ನನಗೆ ಅದು ಕಂಡೇ ಇರಲಿಲ್ಲ. ಅದು ಕಾಯಿಕೊರಕ ಹುಳುವಿನ ಪತಂಗ ಇಟ್ಟ ಮೊಟ್ಟೆ. ಅರ್ಧ ಮಿಲಿಮೀಟರ್‌ನಷ್ಟಿರುವ ಆ ಮೊಟ್ಟೆ ಮೂರ್ನಾಲ್ಕು ದಿನಗಳಲ್ಲಿ ಒಡೆದು ಮರಿಹುಳು ಹೊರಬರುತ್ತದೆ. ಅದು ಮೊಗ್ಗು, ಹೂವು ತಿಂದು ಕೊನೆಗೆ ಕಾಯಿಯನ್ನೇ ಕೊರೆಯುತ್ತದೆ. ತಮ್ಮ ಕಾಲದಲ್ಲಿ ಗಿಡಗಳ ಕೆಳಗೆ ಬಟ್ಟೆ ಹಿಡಿದು, ಗಿಡ ಅಲುಗಾಡಿಸಿ ಹುಳುಗಳನ್ನು ಬೀಳಿಸುತ್ತಿದ್ದುದನ್ನು ಅಬ್ಬಾ ಹೇಳಿದರು. ನಾನು ಚೆಲುವು ಹುಡುಕಿಕೊಂಡು ಹೋಗಿದ್ದೆ. ಅವರು ಬೆಳೆ ನೋಡಿದರು. ಒಂದೇ ಚಿತ್ರದಲ್ಲಿ ಎರಡೂ ಇದ್ದವು. ಏಕೆಂದರೆ ನಾನದರಲ್ಲಿ ಏನನ್ನೂ ಅಳಿಸಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ನೆನಪು ಅಫಝಲಪುರದ್ದು. ನನ್ನ ತಂಗಿಯ ಗಂಡನ ಮನೆ ಆ ತಾಲೂಕಿನಲ್ಲಿ, ಭೀಮಾ ನದಿಗೆ ಹತ್ತಿರದ ಊರಿನಲ್ಲಿದೆ. ಅವಳು ಮದುವೆಯಾದ ವರ್ಷ ನೆಟ್ಟ ಮಲ್ಲಿಗೆ ಬಳ್ಳಿ ಬಚ್ಚಲ ನೀರು ಕುಡಿದು ಚಪ್ಪರ ತುಂಬಿತ್ತು. 2020ರ ಆಗಸ್ಟ್‌ನಲ್ಲಿ ಅದರ ಮೊಗ್ಗುಗಳ ನಾಲ್ಕು ಚಿತ್ರ ತೆಗೆದೆ. ಎಸಳ ಅಂಚು ಒಂದು ಕಡೆ ಸ್ವಲ್ಪ ಕಂದಿತ್ತು. ಹಾಗೆಯೇ ಬಿಟ್ಟೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ ಬಂತು. ಅಫಝಲಪುರ, ಜೇವರ್ಗಿ ತಾಲೂಕುಗಳ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅಲ್ಲಾಹನ ದಯೆಯಿಂದ ಮನೆಯವರಿಗೆಲ್ಲ ಏನೂ ಆಗಲಿಲ್ಲ. ನೀರು ಇಳಿದ ಮೇಲೆ ಹಿತ್ತಲ ತುಂಬ ಕೆಸರು. ಬಳ್ಳಿ ಬುಡದಲ್ಲೇ ಕೊಳೆತುಹೋಯಿತು. ತಂಗಿ ಈಗ ಹೊಸ ಬಳ್ಳಿ ನೆಟ್ಟಿದ್ದಾಳೆ. ಆದರೆ ಆ ನಾಲ್ಕು ಚಿತ್ರಗಳಲ್ಲಿ ಒಂದನ್ನು ತೊಳೆಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ. ‘ಆ ಕಂದಿದ ಅಂಚು ನೋಡಿದಾಗ ಅದು ನನ್ನ ಬಳ್ಳಿ ಅಂತ ಗೊತ್ತಾಗುತ್ತದೆ ಆಪಾ’ ಎನ್ನುತ್ತಾಳೆ. ನಾನು ಬಣ್ಣ ಏರಿಸಿ, ಕಲೆ ಒರೆಸಿ ಕೊಟ್ಟಿದ್ದರೆ ಅದು ಯಾರದೋ ಅಂಗಡಿಯ ಕ್ಯಾಲೆಂಡರಿನ ಮಲ್ಲಿಗೆ ಆಗುತ್ತಿತ್ತು.

ಇಷ್ಟೆಲ್ಲ ತಿಳಿದ ಮೇಲೂ ನಾನು ಎಡವಿದೆ. ಇನ್ನು ಮುಂದಿನದು ನನ್ನ ತಪ್ಪಿನ ಕಥೆ.

2024ರ ರಮಝಾನ್. ಆ ವರ್ಷ ನಮ್ಮಲ್ಲಿ ಮಾರ್ಚ್ 12ರಂದು ಉಪವಾಸ ಆರಂಭವಾಯಿತು. ಶಾಲೆ ನಡೆಯುತ್ತಿತ್ತು. ನಮ್ಮ ಜೇವರ್ಗಿಯ ಮನೆಯ ಕುಂಡದಲ್ಲಿ ಒಂದು ಕೆಂಪು ಗುಲಾಬಿ ಅರಳಿತು. ಚಿತ್ರ ತೆಗೆದೆ. ಚೆನ್ನಾಗಿತ್ತು, ಆದರೆ ಸಪ್ಪೆ ಎನಿಸಿತು. ಬೇರೆಯವರ ಚಿತ್ರಗಳಲ್ಲಿ ಹೂವಿನ ಮೇಲೆ ಮುತ್ತಿನಂಥ ಹನಿಗಳಿರುತ್ತವೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಕೈಗೆ ಸಿಕ್ಕಿತು. ಎರಡು ಬಾರಿ ಚಿಮುಕಿಸಿದೆ. ಎಸಳ ಮೇಲೆ ಹನಿಗಳು ನಿಂತವು. ಪ್ರತಿಯೊಂದು ಹನಿಯೊಳಗೂ ಹಿತ್ತಲ ಬಾಗಿಲು ತಲೆಕೆಳಗಾಗಿ ಕಾಣುತ್ತಿತ್ತು. ಬಹಳ ಸುಂದರವಾದ ಚಿತ್ರ! ಅದರ ಕೆಳಗೆ ಬರೆದೆ: ‘ಫಜ್ರ್ ವೇಳೆಯ ಇಬ್ಬನಿ. ಸುಬ್‌ಹಾನಲ್ಲಾಹ್.’ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಆಳಂದದಿಂದ, ಅಫಝಲಪುರದಿಂದ, ಸೌದಿಯಲ್ಲಿರುವ ಬಂಧುಗಳಿಂದ ಮಾಶಾ ಅಲ್ಲಾಹ್‌ಗಳ ಸುರಿಮಳೆಯಾಯಿತು. ನನಗೂ ಉತ್ಸಾಹ ಹೆಚ್ಚಿತು. ಮರುದಿನ ಏಳನೆಯ ತರಗತಿಯ ಹುಡುಗಿಯರಿಗೆ ಅದನ್ನು ತೋರಿಸಿದೆ. ಸೃಷ್ಟಿಯ ಬಗ್ಗೆ ಚಿಂತಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ ಎಂದುಕೊಂಡೆ.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಹೆಚ್ಚು ಮಾತಾಡುವವಳಲ್ಲ. ಅವರದು ಹೊಲಮನೆ.

“ಆಪಾ, ಈಗ ಇಬ್ಬನಿ ಬೀಳ್ತದೇನ್ರಿ?”

“ನಸುಕಿನಲ್ಲಿ ಬೀಳುತ್ತದೆ. ನಾವು ಏಳುವುದರೊಳಗೆ ಆರಿ ಹೋಗುತ್ತದೆ” ಎಂದೆ. ಬಾಯಿಗೆ ಬಂದ ಮಾತು ಅದು. ಅವಳು ಕುಳಿತಳು. ಪಾಠ ಮುಂದುವರಿಯಿತು.

ನಾಲ್ಕು ದಿನದ ನಂತರ ಪಾಠ ಮುಗಿದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು. ಬೇರೆ ಹುಡುಗಿಯರೆಲ್ಲ ಹೋಗುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಆಪಾ, ನಾ ಸಹರಿಗಿ ಎದ್ದಾಗ ಮೂರು ದಿನ ನೋಡೀನ್ರಿ. ನಮ್ಮ ಗುಲಾಬಿ ಎಲಿ, ನಿಂಬಿ ಎಲಿ ಎಲ್ಲಾ ಮುಟ್ಟಿ ನೋಡೀನಿ. ಒಣಾನೇ ಇದ್ವು. ನಮ್ಮ ಮನ್ಯಾಗ ಯಾಕ ಬೀಳವಲ್ದು?”

ಓದುಗರೇ, ಆ ಮಗು ನನ್ನನ್ನು ಪರೀಕ್ಷಿಸಲು ಬಂದಿರಲಿಲ್ಲ. ನನ್ನ ಮಾತನ್ನು ನಂಬಿತ್ತು. ತನ್ನ ಮನೆಯಲ್ಲೇ ಏನೋ ಕೊರತೆ ಇದೆ, ತನ್ನ ಗಿಡಗಳಿಗೆ ಅಲ್ಲಾಹನ ಆ ಕೃಪೆ ಇಲ್ಲ ಎಂದುಕೊಂಡು ಬಂದಿತ್ತು! ಸಹರಿಯ ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ಮೂರು ದಿನ ಎಲೆಗಳನ್ನು ತಡವಿದ ಆ ಪುಟ್ಟ ಕೈಗಳನ್ನು ನೋಡಿ ನನ್ನ ನಾಲಿಗೆ ಒಣಗಿತು. ಸುಳ್ಳು ಬಿಡದವರ ಉಪವಾಸದ ಬಗ್ಗೆ ಪ್ರವಾದಿ(ಸ)ರು ನೀಡಿದ ಎಚ್ಚರಿಕೆಯನ್ನು ಆ ವಾರವೇ ನಾನು ಅದೇ ತರಗತಿಗೆ ಕಲಿಸಿದ್ದೆ. ಕಲಿಸಿದ ಬಾಯಿಯೇ ಸುಳ್ಳು ಹೇಳಿತ್ತು. ಅದೂ ಅಲ್ಲಾಹನ ಹೆಸರಿನೊಂದಿಗೆ.

ಅವಳಿಗೆ ಅಲ್ಲಿಯೇ ಹೇಳಿದೆ: “ನಿಮ್ಮ ಮನೆಯಲ್ಲಿ ಕೊರತೆ ಇಲ್ಲಮ್ಮಾ. ನಮ್ಮ ಮನೆಯಲ್ಲೂ ಬಿದ್ದಿರಲಿಲ್ಲ. ಆ ಹನಿ ನಾನು ಬಾಟಲಿಯಿಂದ ಚಿಮುಕಿಸಿದ್ದು.” ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. “ಹೌದೇನ್ರಿ?” ಎಂದಳು. ಅಷ್ಟೇ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಿರಾಳ ಇತ್ತು. ಆದರೆ ಆ ‘ಹೌದೇನ್ರಿ’ ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಮರುದಿನ ಇಡೀ ತರಗತಿಯ ಮುಂದೆ ಹೇಳಿದೆ. ಹುಡುಗಿಯರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಕುಟುಂಬದ ಗುಂಪಿನಲ್ಲಿ ಬರೆಯುವುದು ಅದಕ್ಕಿಂತ ಕಷ್ಟವಾಯಿತು. ಎರಡು ರಾತ್ರಿ ಬರೆದು ಅಳಿಸಿದೆ. ಕೊನೆಗೆ ಒಂದು ಸಾಲು ಕಳಿಸಿದೆ: ‘ಗುಲಾಬಿ ನಿಜ, ಇಬ್ಬನಿ ನಿಜವಲ್ಲ, ನಲ್ಲಿ ನೀರು. ಕ್ಷಮಿಸಿ.’ ಆಳಂದದ ನನ್ನ ಹಿರಿಯ ಖಾಲಾ ಫೋನ್ ಮಾಡಿ, “ಹೂವು ನಿಜವಾದದ್ದೇ ಅಲ್ಲವೇ ಮಗಳೇ, ಇಷ್ಟಕ್ಕೆ ಇಷ್ಟೊಂದು ಯಾಕೆ?” ಎಂದರು. ಆ ಪ್ರಶ್ನೆ ನನ್ನನ್ನು ಯೋಚನೆಗೆ ಹಚ್ಚಿತು. ನಿಜಕ್ಕೂ ಎಲ್ಲಿ ತಪ್ಪಾಯಿತು? ಹೂವಿಗೆ ನೀರು ಚಿಮುಕಿಸುವುದು ಪಾಪವೇ? ಅಲ್ಲ. ಪಾಟಿ ಅಡ್ಡ ಹಿಡಿದು ಬಕೆಟ್ಟು ಮರೆಮಾಡುವುದು ಮೋಸವೇ? ಅಲ್ಲ. ಅತಿಥಿ ಬಂದಾಗ ಮನೆ ಗುಡಿಸಿದಂತೆ ಅದು. ಸುಳ್ಳು ಇದ್ದದ್ದು ನೀರಿನಲ್ಲಲ್ಲ, ‘ಇಬ್ಬನಿ’ ಎಂಬ ಪದದಲ್ಲಿ. ‘ನೀರು ಚಿಮುಕಿಸಿ ತೆಗೆದದ್ದು’ ಎಂದು ಬರೆದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಹೊಗಳಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೇ. ಆ ಸ್ವಲ್ಪ ಹೊಗಳಿಕೆಗಾಗಿ ನಾನು ಒಂದು ಮಗುವಿನ ನಂಬಿಕೆಯನ್ನು ಮಾರಲು ಹೊರಟಿದ್ದೆ.

ಆಮೇಲೆ ನಾನೂ ಆ ಹುಡುಗಿಯೂ ಇಬ್ಬನಿಯ ಬಗ್ಗೆ ಕಲಿತೆವು. ತಿಳಿಯಾದ ರಾತ್ರಿಯಲ್ಲಿ ಎಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತವೆ. ಗಾಳಿಯಲ್ಲಿ ಸಾಕಷ್ಟು ತೇವವಿದ್ದರೆ ಅದು ಆ ತಣ್ಣನೆಯ ಎಲೆಯ ಮೇಲೆ ಹನಿಗಟ್ಟುತ್ತದೆ. ಮಾರ್ಚ್ ತಿಂಗಳ ನಮ್ಮ ಗಾಳಿ ಸುಟ್ಟ ರೊಟ್ಟಿಯಂತೆ ಒಣಗಿರುತ್ತದೆ. ಹನಿ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಅವಳೇ ನನಗೊಂದು ಹೊಸ ಸಂಗತಿ ತಂದಳು. ಅವರ ಹೊಲದ ಮೆಕ್ಕೆಜೋಳದ ಸಸಿಗಳ ಎಲೆಯ ತುದಿಯಲ್ಲಿ, ಅಂಚಿನಲ್ಲಿ ಮಾತ್ರ ಹನಿಗಳು ಸಾಲಾಗಿ ಕುಳಿತಿದ್ದವು. ಎಲೆಯ ನಡುಭಾಗ ಒಣಗಿತ್ತು. “ಇದು ಇಬ್ಬನಿ ಆಗಿದ್ರ ನಡಕ್ಕೂ ಬೀಳಬೇಕಿತ್ತಲ್ರಿ ಆಪಾ?” ಎಂದು ಕೇಳಿದಳು. ವಿಜ್ಞಾನದ ಶಿಕ್ಷಕಿಯನ್ನು ಕೇಳಿದೆವು. ಅದು ಆಕಾಶದಿಂದ ಬಂದ ನೀರಲ್ಲ. ಒದ್ದೆ ಮಣ್ಣಿನಿಂದ ಬೇರು ರಾತ್ರಿ ಹೀರಿಕೊಂಡ ನೀರು ಹೆಚ್ಚಾದಾಗ ಗಿಡವೇ ಎಲೆಯಂಚಿನ ಸಣ್ಣ ರಂಧ್ರಗಳಿಂದ ಅದನ್ನು ಹೊರಗೆ ಹಾಕುತ್ತದೆಯಂತೆ! ಅದರ ಚಿತ್ರವನ್ನು ಅವಳೇ ನನ್ನ ಫೋನಿನಿಂದ ತೆಗೆದಳು. ಕೈ ನಡುಗಿ ಸ್ವಲ್ಪ ಮಸುಕಾಗಿ ಬಂತು. ಅದರ ಪಕ್ಕದಲ್ಲಿ ನನ್ನ ಸುಳ್ಳು ಗುಲಾಬಿಯನ್ನು ಇಟ್ಟರೆ ಚೆಲುವಿನಲ್ಲಿ ಗುಲಾಬಿಯೇ ಗೆಲ್ಲುತ್ತದೆ. ಆದರೆ ಗುಲಾಬಿಯ ಚಿತ್ರದಿಂದ ಕಲಿಯಲು ಏನೂ ಇಲ್ಲ. ಮೆಕ್ಕೆಜೋಳದ ಚಿತ್ರದಿಂದ ನಾವಿಬ್ಬರೂ ಕಲಿತೆವು.

ನೋಡಿದ್ದನ್ನು ನೋಡಿದಂತೆ ಹೇಳುವುದು ನಮ್ಮ ಹಿರಿಯರ ಸೊತ್ತು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್, ಬೆಳಕು ಮತ್ತು ದೃಷ್ಟಿಯ ಬಗ್ಗೆ ‘ಕಿತಾಬುಲ್ ಮನಾಝಿರ್’ ಎಂಬ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಅವರಿಗಿಂತ ಹಿಂದಿನ ದೊಡ್ಡ ದೊಡ್ಡ ಪಂಡಿತರು ಹೇಳಿದ್ದರು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದ ನಮಗೆ ಕಾಣುತ್ತದೆ ಎಂದು ಇವರು ಪ್ರಯೋಗ ಮಾಡಿ ವಿವರಿಸಿದರು. ಕತ್ತಲ ಕೋಣೆಗೆ ಸಣ್ಣ ರಂಧ್ರದಿಂದ ಬೆಳಕು ಬಿಟ್ಟು ಪರೀಕ್ಷಿಸಿದರು. ಇಂದಿನ ಕ್ಯಾಮೆರಾ ಅದೇ ಕತ್ತಲ ಕೋಣೆಯ ಸಂತತಿ. ಹಿರಿಯ ಪಂಡಿತರು ಹೇಳಿದ್ದಾರೆಂದು ನಂಬದೆ ಪರೀಕ್ಷಿಸಿ ನೋಡುವುದು ಅವರ ಮಾರ್ಗ. ಸಹರಿಗೆ ಎದ್ದು ಎಲೆ ಮುಟ್ಟಿ ನೋಡಿದ ನನ್ನ ವಿದ್ಯಾರ್ಥಿನಿ ಆ ಮಾರ್ಗದವಳು. ನಾನಲ್ಲ.

ಮಹಿಳೆಯರಿಗೂ ಈ ಕೆಲಸ ಹೊಸದಲ್ಲ. ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ ಎಂಬ ಮಹಿಳೆ 1843ರಲ್ಲಿ ಸಮುದ್ರದ ಪಾಚಿಗಳ ಪುಸ್ತಕ ಹೊರತರಲು ಆರಂಭಿಸಿದರು. ಕ್ಯಾಮೆರಾ ಇಲ್ಲದೆ, ಮದ್ದು ಹಚ್ಚಿದ ಕಾಗದದ ಮೇಲೆ ಪಾಚಿಯನ್ನಿಟ್ಟು ಬಿಸಿಲಿಗೆ ಹಿಡಿದು, ನೀಲಿ ಹಿನ್ನೆಲೆಯಲ್ಲಿ ಬಿಳಿ ಅಚ್ಚು ಪಡೆದರು. ಫೋಟೋ ಚಿತ್ರಗಳಿರುವ ಜಗತ್ತಿನ ಮೊದಲ ಪುಸ್ತಕ ಅದೆಂದು ಹೇಳಲಾಗುತ್ತದೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ನನ್ನಂತೆಯೇ ಒಬ್ಬ ಶಿಕ್ಷಕ. ತನ್ನ ಕೈಯಿಂದಲೇ ಕ್ಯಾಮೆರಾ ಹೊಂದಿಸಿಕೊಂಡು, ಮೊಗ್ಗು ಚಿಗುರುಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ, ವಿದ್ಯಾರ್ಥಿಗಳಿಗೆ ಪಾಠ ಮಾಡಲು ಬಳಸುತ್ತಿದ್ದರು. ಅವರ ಮೊದಲ ಚಿತ್ರಪುಸ್ತಕ ಪ್ರಕಟವಾದದ್ದು 1928ರಲ್ಲಿ. ಆಗ ಅವರಿಗೆ ಅರವತ್ತು ದಾಟಿತ್ತು. ಆದ್ದರಿಂದ ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎನ್ನಬೇಡಿ.

ಈಗ ಇನ್ನೊಂದು ಅಪಾಯ ಬಂದಿದೆ. ಕಂಪ್ಯೂಟರ್ ತಾನೇ ಹೂವು ಸೃಷ್ಟಿಸಿ ಕೊಡುತ್ತದೆ. ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ನೀಲಿ-ಬಂಗಾರದ ಹೂವು, ಎಸಳಿನ ಮೇಲೆ ಪವಿತ್ರ ನಾಮ ಮೂಡಿದ ಹೂವು ಎಂದೆಲ್ಲ ಚಿತ್ರಗಳು ನಮ್ಮ ಗುಂಪುಗಳಿಗೆ ಬರುತ್ತಿವೆ. ಕೆಳಗೆ ‘ಹತ್ತು ಜನರಿಗೆ ಕಳಿಸಿ’ ಎಂದಿರುತ್ತದೆ. ನಾವು ಭಕ್ತಿಯಿಂದ ಕಳಿಸುತ್ತೇವೆ. ಸಹೋದರಿಯರೇ, ಅಲ್ಲಾಹನ ಮಹಿಮೆಯನ್ನು ಸಾರಲು ಸುಳ್ಳಿನ ನೆರವು ಬೇಕೇ? ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಪಾಠ ಅಲ್-ಹುಜುರಾತ್ ಅಧ್ಯಾಯದಲ್ಲಿ ಇದೆ. ಹಣ್ಣು ಬಿಡುವ, ಮಾಗುವ ವೇಳೆಯನ್ನು ಗಮನಿಸಬೇಕೆಂಬ ಕರೆ ಅಲ್-ಅನ್‌ಆಮ್ ಅಧ್ಯಾಯದಲ್ಲಿ ಇದೆ. ಅಲ್ಲಿ ನಮ್ಮನ್ನು ಕರೆದಿರುವುದು ಇರುವುದನ್ನು ನೋಡಲು, ಇಲ್ಲದ್ದನ್ನು ಸೇರಿಸಲು ಅಲ್ಲ. ನಮ್ಮ ಹೊಲದ ಹತ್ತಿ ಹೂವು ಮೊದಲ ದಿನ ಕೆನೆಬಣ್ಣದಲ್ಲಿ ಅರಳಿ, ಮರುದಿನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಹೂವನ್ನು ಎರಡು ದಿನ ಬಿಡದೆ ನೋಡಿದವರಿಗೆ ಮಾತ್ರ ಅದು ಗೊತ್ತು. ಇದಕ್ಕಿಂತ ದೊಡ್ಡ ಪವಾಡ ಬೇಕೇ?

ಈಗ ನಾನು ಕೆಲವು ನಿಯಮ ಇಟ್ಟುಕೊಂಡಿದ್ದೇನೆ. ಚಿತ್ರಕ್ಕಾಗಿ ಹೂವು ಕೀಳುವುದಿಲ್ಲ. ಬಣ್ಣ ಏರಿಸುವುದಿಲ್ಲ. ಹುಳುಗಳು ಅಲುಗದಿರಲೆಂದು ಅವುಗಳನ್ನು ಫ್ರಿಜ್ಜಿನಲ್ಲಿಟ್ಟು ಚಿತ್ರ ತೆಗೆಯುವವರೂ ಇದ್ದಾರಂತೆ. ಅಂಥ ಹಿಂಸೆ ನನಗೆ ಬೇಡ. ಬೇರೆಯವರ ಹಿತ್ತಲಿಗೆ, ಹೊಲಕ್ಕೆ ಕೇಳದೆ ಕಾಲಿಡುವುದಿಲ್ಲ. ಪ್ರತಿ ಚಿತ್ರದ ವಿವರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ: ಯಾವ ಊರು, ಯಾವ ದಿನ, ಎಷ್ಟು ಗಂಟೆ, ಗಿಡಕ್ಕೆ ನೀರು ಹಾಕಿತ್ತೇ ಇಲ್ಲವೇ. ಚಿಮುಕಿಸಿದ್ದರೆ ‘ಚಿಮುಕಿಸಿದ್ದು’ ಎಂದು ಬರೆಯುತ್ತೇನೆ. ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಗುಲಾಬಿಯ ಚಿತ್ರವನ್ನೇ ಅಂಟಿಸಿದ್ದೇನೆ. ಕೆಳಗೆ ‘ನಲ್ಲಿ ನೀರು’ ಎಂದಿದೆ.

ಓದುಗರೇ, ಈ ಪುಟ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಫೋನು ಬೇಕಿಲ್ಲ, ಗಾಜೂ ಬೇಕಿಲ್ಲ. ನಾಳೆ ಫಜ್ರ್ ನಂತರ ಹಿತ್ತಲಿಗೆ ಹೋಗಿ ಯಾವುದಾದರೂ ಒಂದು ಗಿಡದ ಮುಂದೆ ಕುಳಿತುಕೊಳ್ಳಿ. ಕರಿಬೇವಾದರೂ ಸರಿ, ನುಗ್ಗೆಯಾದರೂ ಸರಿ. ತಸ್ಬೀಹ್‌ನ ಮೂವತ್ತಮೂರು ಎಣಿಸುವಷ್ಟು ಹೊತ್ತು ಒಂದೇ ಹೂವನ್ನು ನೋಡಿ. ಹತ್ತಿರದಲ್ಲಿ ಮಗಳಿದ್ದರೆ, ಮೊಮ್ಮಗಳಿದ್ದರೆ ಅವಳನ್ನೂ ಕೂರಿಸಿಕೊಳ್ಳಿ. ಆಮೇಲೆ ನೀವಿಬ್ಬರೂ ಕಂಡದ್ದನ್ನು ಕಂಡಷ್ಟೇ ಹೇಳಿ. ಅವಳು ನಿಮಗೆ ಉತ್ತರ ತಿಳಿಯದ ಪ್ರಶ್ನೆ ಕೇಳಿದರೆ, ನನ್ನಂತೆ ಬಾಯಿಗೆ ಬಂದದ್ದು ಹೇಳಬೇಡಿ. “ಗೊತ್ತಿಲ್ಲಮ್ಮಾ, ನಾಳೆ ಇಬ್ಬರೂ ನೋಡೋಣ” ಎನ್ನಿ.

ಅಲ್ಲಾಹನು ನಮ್ಮ ಕಣ್ಣುಗಳಿಗೆ ನೋಡುವ ಶಕ್ತಿಯನ್ನೂ ನಾಲಿಗೆಗೆ ನೋಡಿದ್ದನ್ನು ನುಡಿಯುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.